ಇನ್‌ಲೈನ್ ಸಿಒ2 ಡಿಫ್ಯೂಸರ್ ಕೊಳ್ಳುವ ಮೊದಲು ಹೋಸ್ ಅಳೆಯಿರಿ

ಗಿಡ ಬೆಳೆಸುವ ಮೀನಿನ ಟ್ಯಾಂಕ್ ಇಡುವವರು, ಗಿಡಗಳಿಗೆ ಬೇಕಾದ ಸಿಒ2 (ಕಾರ್ಬನ್ ಡೈಆಕ್ಸೈಡ್) ಗ್ಯಾಸನ್ನು ಸಣ್ಣ ಗುಳ್ಳೆ ಮಾಡಿ ನೀರಿಗೆ ಬಿಡಲು, ಹೆಚ್ಚಾಗಿ ನೀರೊಳಗೆ ಅಂಟಿಸುವ ಗಾಜಿನ ಡಿಫ್ಯೂಸರ್‌ನಿಂದಲೇ ಶುರು ಮಾಡುತ್ತಾರೆ. ಕೆಲವು ವಾರ ಚೆನ್ನಾಗಿರುತ್ತದೆ. ಆಮೇಲೆ ಅದರ ಗುಳ್ಳೆ ಬಿಡುವ ಬಿಳಿ ಸೆರಾಮಿಕ್ ಬಿಲ್ಲೆಗೆ ಪಾಚಿ ಹಿಡಿಯುತ್ತದೆ, ಗುಳ್ಳೆ ದಪ್ಪ ಆಗುತ್ತದೆ, ಗ್ಯಾಸ್ ನೀರಿಗೆ ಕರಗುವ ಮೊದಲೇ ಮೇಲೆ ಹೋಗಿ ಒಡೆಯುತ್ತದೆ. ಇನ್‌ಲೈನ್ ಡಿಫ್ಯೂಸರ್ ಕೂರುವುದು ಟ್ಯಾಂಕಿನ ಹೊರಗೆ, ಕ್ಯಾನಿಸ್ಟರ್ ಫಿಲ್ಟರಿನ (ಟ್ಯಾಂಕಿನ ಹೊರಗಿಟ್ಟು, ಹೋಸಿನಿಂದ ನೀರು ಎಳೆದು ವಾಪಸ್ ಬಿಡುವ ಡಬ್ಬಿ ಫಿಲ್ಟರ್) ಹೋಸ್ ಮಧ್ಯೆ. ಗ್ಯಾಸ್ ನೀರಿನ ಜೊತೆ ಪೈಪಿನಲ್ಲಿ ಓಡುತ್ತಾ ಕರಗುತ್ತದೆ, ಉಳಿದದ್ದು ಸಣ್ಣ ಮಂಜಿನ ಹಾಗೆ ಗಿಡಗಳ ನಡುವೆ ಹರಡುತ್ತದೆ. ನಮ್ಮ ದಕ್ಷಿಣ ಭಾರತದ್ದೇ ಆದ ರೊಟಾಲಾ ಮಕ್ರಾಂಡ್ರಾ ಗಿಡ ಟ್ಯಾಂಕಿನಲ್ಲಿ ಕೆಂಪಗೆ ನಿಲ್ಲಬೇಕು ಅಂದರೆ ಗ್ಯಾಸ್ ದಿನವೂ ಒಂದೇ ಸಮ ಸಿಗಬೇಕು. ಆ ಕೆಲಸಕ್ಕೆ ಇದು ಒಳ್ಳೆಯ ಸಾಧನ.

ಆದರೆ ಎಲ್ಲರಿಗೂ ಅಲ್ಲ. ಕ್ಯಾನಿಸ್ಟರ್ ಇಲ್ಲ, ಸ್ಪಾಂಜ್ ಫಿಲ್ಟರ್ ಇದೆ ಅನ್ನುವವರು ಸುಮ್ನೆ ದುಡ್ಡು ಹಾಕಬೇಡಿ. ಸಿಲಿಂಡರ್ ಬದಲು ಸಕ್ಕರೆ-ಯೀಸ್ಟ್ ಬಾಟಲಿಯಲ್ಲಿ ಗ್ಯಾಸ್ ಮಾಡಿಕೊಳ್ಳುವವರಿಗೂ ಬೇಡ. ಇದರ ಸೆರಾಮಿಕ್ ತುಂಬಾ ಬಿಗಿ, ಸಾಮಾನ್ಯವಾಗಿ 1.5ರಿಂದ 2 ಬಾರ್ ಒತ್ತಡ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ಆದ್ದರಿಂದ ಡಿಫ್ಯೂಸರ್ ನೋಡುವ ಮೊದಲು ನಿಮ್ಮ ರೆಗ್ಯುಲೇಟರ್ (ಸಿಲಿಂಡರಿನ ಗ್ಯಾಸ್ ಒತ್ತಡ ಇಳಿಸುವ ಸಾಧನ) ನೋಡಿ. ಹೊರಗೆ ಬರುವ ಒತ್ತಡವನ್ನು ನಾವೇ ಏರಿಸಿ ಇಳಿಸಲು ಆಗುತ್ತದಾ, ಅಥವಾ ಕಂಪನಿಯವರು ಒಂದೇ ಮಟ್ಟಕ್ಕೆ ಕೂರಿಸಿಬಿಟ್ಟಿದ್ದಾರಾ? ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು.

ಇನ್ನು ಅಳತೆ. ಹೋಸ್ ಮೇಲೆ 12/16 ಅಂತಲೋ 16/22 ಅಂತಲೋ ಬರೆದಿರುತ್ತದೆ. ಮೊದಲನೆಯದು ಒಳಗಿನ ಅಗಲ, ಎರಡನೆಯದು ಹೊರಗಿನದು, ಎರಡೂ ಮಿಲಿಮೀಟರ್‌ನಲ್ಲಿ. ಡಿಫ್ಯೂಸರ್ ಕೂಡ ಇದೇ ಅಳತೆಯಲ್ಲಿ ಬರುತ್ತದೆ. ಎರಡೂ ಒಂದೇ ಇರಬೇಕು, ಅಷ್ಟೇ. ನನಗೆ ಒಮ್ಮೆ ಅಂಗಡಿಯವರು "ಸ್ವಲ್ಪ ಸಡಿಲ ಅಷ್ಟೇ ಸರ್, ಟೇಪ್ ಸುತ್ತಿ, ಕೂತ್ಕೊಳತ್ತೆ" ಅಂತ ಕೊಟ್ಟರು. ನಾನೂ ನಂಬಿ ಟೇಪ್ ಸುತ್ತಿದೆ, ಎರಡು ದಿನ ಏನೂ ಆಗಲಿಲ್ಲ, ಮೂರನೇ ದಿನ ರಾತ್ರಿ ಹೋಸ್ ಕಳಚಿ ಬೆಳಿಗ್ಗೆ ಎದ್ದಾಗ ಹಾಲ್ ತುಂಬಾ ನೀರು, ಟ್ಯಾಂಕಿನಲ್ಲಿ ಮೀನುಗಳು ಒಂದು ಮೂಲೆಯಲ್ಲಿ ಗುಂಪಾಗಿ ನಿಂತಿದ್ದವು. ಆ ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದೆ. ಅಂಗಡಿಗೆ ಹೋಗುವಾಗ ನಿಮ್ಮ ಹೋಸಿನ ಒಂದು ತುಂಡು ಕತ್ತರಿಸಿಕೊಂಡು ಹೋಗಿ, ಅಲ್ಲೇ ಹಾಕಿ ನೋಡಿ. ಬರೀ ತುರುಕುವ ಮಾದರಿಗಿಂತ, ಹೋಸ್ ಹಾಕಿದ ಮೇಲೆ ನಟ್ ತಿರುಗಿಸಿ ಬಿಗಿ ಮಾಡುವ ಮಾದರಿಯೇ ಒಳ್ಳೆಯದು. ಬಿಚ್ಚಿ ಸೆರಾಮಿಕ್ ಬದಲಿಸಲು ಬರುತ್ತದಾ ಅಂತಲೂ ನೋಡಿ, ಅಂಟು ಹಾಕಿ ಮುಚ್ಚಿದ್ದಾದರೆ ಸೆರಾಮಿಕ್ ಕಟ್ಟಿಕೊಂಡ ದಿನ ಇಡೀ ಸಾಮಾನನ್ನೇ ಎಸೆಯಬೇಕಾಗುತ್ತದೆ.

ಇದು ನೀರಿನ ಹರಿವನ್ನು ಸ್ವಲ್ಪ ತಡೆಯುತ್ತದೆ. ಫಿಲ್ಟರ್ ಈಗಾಗಲೇ ಸುಸ್ತಾಗಿದ್ದರೆ ಮೊದಲು ಅದನ್ನು ತೊಳೆದು ನೋಡಿ.

ಜೋಡಿಸುವುದು ನೀರು ಟ್ಯಾಂಕಿಗೆ ವಾಪಸ್ ಹೋಗುವ ಹೋಸಿಗೆ. ಒಳಗೆ ಎಳೆಯುವ ಹೋಸಿಗೆ ಹಾಕಿದರೆ ಗ್ಯಾಸ್ ಫಿಲ್ಟರಿನೊಳಗೆ ಸೇರಿ ನೀರು ತಳ್ಳುವ ಇಂಪೆಲ್ಲರ್ ಚಕ್ರ ಗರಗರ ಅನ್ನುತ್ತದೆ. ಅದೇ ಹೋಸಿನಲ್ಲಿ ಹೀಟರ್, ಯುವಿ ದೀಪ ಇದ್ದರೆ ಅವುಗಳ ನಂತರ ಇದು ಬರಲಿ. ಮೈ ಮೇಲಿನ ಬಾಣದ ದಿಕ್ಕು ನೋಡಿ, ನೆಟ್ಟಗೆ ನಿಲ್ಲಿಸಿ, ಆದಷ್ಟು ಫಿಲ್ಟರಿನ ಹತ್ತಿರ ಕೆಳಗೆ ಇರಲಿ. ಮುಂದೆ ಪೈಪ್ ಉದ್ದ ಸಿಕ್ಕಷ್ಟೂ ಗ್ಯಾಸ್ ಕರಗಲು ಸಮಯ ಸಿಗುತ್ತದೆ ಅಲ್ವಾ. ಗ್ಯಾಸ್ ಟ್ಯೂಬ್ ಮಾತ್ರ ಸಿಲಿಕೋನ್ ಬೇಡ, ಅದರ ಗೋಡೆಯಿಂದಲೇ ಸಿಒ2 ಸೋರಿಹೋಗುತ್ತದೆ. ಪಾಲಿಯುರೇಥೇನ್ ತನ್ನಿ, ಮಧ್ಯೆ ಒಂದು ಲೋಹದ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿ, ಇಲ್ಲದಿದ್ದರೆ ನೀರು ವಾಪಸ್ ಬಂದು ರೆಗ್ಯುಲೇಟರ್ ಹಾಳಾಗುತ್ತದೆ.

ಕರೆಂಟ್ ವಿಷಯ ನಮ್ಮ ಕಡೆ ತುಂಬಾ ಮುಖ್ಯ. ಸೊಲೆನಾಯ್ಡ್ (ಕರೆಂಟಿನಿಂದ ಗ್ಯಾಸ್ ತೆರೆದು ಮುಚ್ಚುವ ವಾಲ್ವ್) ಯುಪಿಎಸ್ ಸಾಕೆಟ್‌ನಲ್ಲಿದ್ದು ಫಿಲ್ಟರ್ ಮಾಮೂಲಿ ಸಾಕೆಟ್‌ನಲ್ಲಿದ್ದರೆ, ಕರೆಂಟ್ ಹೋದಾಗ ನೀರು ನಿಲ್ಲುತ್ತದೆ, ಗ್ಯಾಸ್ ನಿಲ್ಲುವುದಿಲ್ಲ. ಅದು ಹೋಸಿನಲ್ಲೇ ತುಂಬಿಕೊಳ್ಳುತ್ತದೆ. ಎರಡನ್ನೂ ಒಂದೇ ಕಡೆ ಹಾಕಿ. ಯಾವ ಕಡೆಯಾದರೂ ಸರಿ, ಒಟ್ಟಿಗೆ ನಿಲ್ಲಬೇಕು, ಒಟ್ಟಿಗೆ ಶುರುವಾಗಬೇಕು. ಸಿಲಿಂಡರನ್ನು ಬಿಸಿಲಿಗೆ ಇಡಬೇಡಿ, ಮಲಗಿಸಲೂ ಬೇಡಿ, ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ.

ಹೊಸ ಸೆರಾಮಿಕ್ಕನ್ನು ರಾತ್ರಿ ನೀರಲ್ಲಿ ನೆನೆಹಾಕಿ. ಮೊದಲ ದಿನ ಗುಳ್ಳೆ ತಕ್ಷಣ ಬರಲಿಲ್ಲ ಅಂತ ಗ್ಯಾಸ್ ಹೆಚ್ಚು ಕಡಿಮೆ ಮಾಡುವ ನೀಡಲ್ ವಾಲ್ವ್ ಇನ್ನಷ್ಟು ತೆರೆಯಬೇಡಿ, ಒತ್ತಡ ತುಂಬಿಕೊಳ್ಳಲು ಹೊತ್ತು ಬೇಕು, ಅವಸರ ಮಾಡಿದರೆ ಆಮೇಲೆ ಒಮ್ಮೆಲೇ ಗ್ಯಾಸ್ ನುಗ್ಗುತ್ತದೆ. ಸೆಕೆಂಡಿಗೆ ಒಂದು ಗುಳ್ಳೆಯಿಂದ ಶುರು ಮಾಡಿ. ನೀರಿನ ಸಿಒ2 ಮಟ್ಟವನ್ನು ಬಣ್ಣದಲ್ಲಿ ತೋರಿಸುವ ಡ್ರಾಪ್ ಚೆಕರ್‌ನಲ್ಲಿ 4 ಡಿಕೆಎಚ್ (ಕಾರ್ಬೊನೇಟ್ ಗಡಸುತನದ ಅಳತೆ) ದ್ರಾವಣ ಹಾಕಿದರೆ ಹಸಿರು ಅಂದರೆ ಸುಮಾರು 30 ಪಿಪಿಎಂ (ಹತ್ತು ಲಕ್ಷಕ್ಕೆ 30 ಭಾಗ), ನೀಲಿ ಅಂದರೆ ಕಡಿಮೆ, ಹಳದಿ ಅಂದರೆ ಅಪಾಯ. ಅದು ತೋರಿಸುವುದು ಒಂದೆರಡು ಗಂಟೆ ಹಿಂದಿನ ಸ್ಥಿತಿ, ಹಾಗಾಗಿ ಬಣ್ಣಕ್ಕಿಂತ ಮೀನುಗಳನ್ನು ನೋಡಿ. ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಕೂಡಲೇ ಗ್ಯಾಸ್ ನಿಲ್ಲಿಸಿ ಏರ್ ಪಂಪ್ ಹಾಕಿ. ಲೈಟ್ ಹಾಕುವ ಒಂದೆರಡು ಗಂಟೆ ಮೊದಲು ಗ್ಯಾಸ್ ಶುರು, ಲೈಟ್ ಆರುವ ಒಂದು ಗಂಟೆ ಮೊದಲು ಬಂದ್.

ನೀರಲ್ಲಿ ಸೋಡಾ ಕಲಸಿದಂಥ ಮಂಜು ಕೆಲವರಿಗೆ ಇಷ್ಟವಾಗುವುದಿಲ್ಲ. ಅಂಥವರು ಇನ್‌ಲೈನ್ ರಿಯಾಕ್ಟರ್ ನೋಡಿ. ಅದರಲ್ಲಿ ಗ್ಯಾಸ್ ಪೂರ್ತಿ ಕರಗಿ ನೀರು ತಿಳಿಯಾಗಿ ಬರುತ್ತದೆ, ಆದರೆ ಜಾಗ ಜಾಸ್ತಿ ಹಿಡಿಯುತ್ತದೆ. ನನಗೆ ಮಂಜೇ ಇಷ್ಟ, ಎಲೆ ಕೆಳಗೆ ಕೂತ ಚಿಕ್ಕ ಗುಳ್ಳೆ ನೋಡಿದರೆ ಗ್ಯಾಸ್ ಎಲ್ಲಿವರೆಗೆ ತಲುಪುತ್ತಿದೆ ಅಂತ ಗೊತ್ತಾಗುತ್ತದೆ.

ಗುಳ್ಳೆ ಮತ್ತೆ ದಪ್ಪ ಆದಾಗ ಬಿಚ್ಚಿ ನೀರು ಬೆರೆಸಿದ ಬ್ಲೀಚಿನಲ್ಲಿ ಕೆಲವು ಗಂಟೆ ನೆನೆಸಿ, ಚೆನ್ನಾಗಿ ತೊಳೆದು, ಕ್ಲೋರಿನ್ ತೆಗೆಯುವ ದ್ರಾವಣದಲ್ಲಿ ಅದ್ದಿ. ಬ್ಲೀಚಿಗೆ ವಿನೆಗರ್ ಸೇರಿಸಲೇಬೇಡಿ, ವಿಷದ ಗ್ಯಾಸ್ ಬರುತ್ತದೆ. ಅಕ್ರಿಲಿಕ್ ಮೈಯನ್ನು ಸ್ಪಿರಿಟ್ಟಿನಿಂದ ಒರೆಸಬೇಡಿ, ಬಿರುಕು ಬಿಡುತ್ತದೆ. ಮತ್ತೆ ಜೋಡಿಸಿದ ಮೇಲೆ ಫಿಲ್ಟರ್ ಹಾಕಿ, ಎರಡೂ ಜಾಯಿಂಟಿನ ಕೆಳಗೆ ಒಣ ಟಿಶ್ಯೂ ಪೇಪರ್ ಇಟ್ಟು ಅರ್ಧ ಗಂಟೆ ಬಿಡಿ. ಪೇಪರ್ ಒಣಗೇ ಇದ್ದರೆ ಮಾತ್ರ ಕ್ಯಾಬಿನೆಟ್ ಬಾಗಿಲು ಹಾಕಿ.