ನಿಮ್ಮ ಫೋನ್ ಎಷ್ಟು ಮುಕ್ತ? ಪರೀಕ್ಷಿಸುವುದು ಹೇಗೆ?

ಕಾರವಾರದ ಕಾಲೇಜು ಹುಡುಗರಿರಲಿ, ಸಿರ್ಸಿಯಲ್ಲಿ ಫೋನಿನಲ್ಲೇ ಅಡಿಕೆ ಧಾರಣೆ ನೋಡುವ ಬೆಳೆಗಾರರಿರಲಿ, ‘ಆಂಡ್ರಾಯ್ಡ್ ಮುಕ್ತ, ಐಫೋನ್ ಮುಚ್ಚಿದ್ದು’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಮುಕ್ತ ಎಂದರೆ ಮೂಲಸಂಕೇತವನ್ನು, ಅಂದರೆ ತಂತ್ರಾಂಶವನ್ನು ಬರೆದ ಸಾಲುಗಳನ್ನು, ಯಾರು ಬೇಕಾದರೂ ನೋಡಿ ತಿದ್ದಬಹುದು ಎಂದರ್ಥ. ಅದು ಅರ್ಧ ಸತ್ಯ. ವಾದಕ್ಕಿಳಿಯುವ ಮೊದಲು ಕೈಯಲ್ಲಿರುವ ಫೋನನ್ನೇ ಪರೀಕ್ಷಿಸುವುದು ಒಳ್ಳೆಯದು.

ಮೊದಲು ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ಒಳಗೆ ಲೀಗಲ್ ಮಾಹಿತಿಯನ್ನು ತೆರೆಯಿರಿ. ಅಲ್ಲಿ ಜಿಪಿಎಲ್, ಅಪಾಚೆಯಂತಹ, ಮುಕ್ತ ತಂತ್ರಾಂಶವನ್ನು ಬಳಸುವ ನಿಯಮ ಹೇಳುವ ಪರವಾನಗಿಗಳ ಉದ್ದನೆಯ ಪಟ್ಟಿ ಕಾಣುತ್ತದೆ. ಆಂಡ್ರಾಯ್ಡ್‌ನ ತಳದಲ್ಲಿದ್ದು ಯಂತ್ರಾಂಶವನ್ನು ನಡೆಸುವ ಲಿನಕ್ಸ್ ಕರ್ನೆಲ್ ಜಿಪಿಎಲ್ ಅಡಿಯಲ್ಲಿದೆ. ಅದನ್ನು ತಿದ್ದಿ ಮಾರುವ ಕಂಪನಿ ತಿದ್ದಿದ ಮೂಲಸಂಕೇತವನ್ನು ಕೊಡಲೇಬೇಕು. ಮೇಲಿನ ಪದರಗಳಿಗೆ ಬಹುಪಾಲು ಅನ್ವಯಿಸುವ ಅಪಾಚೆ ಪರವಾನಗಿಗೆ ಆ ಕಟ್ಟುಪಾಡಿಲ್ಲವಾದ್ದರಿಂದ, ತಯಾರಕರು ತಮ್ಮ ಬದಲಾವಣೆಗಳನ್ನು ಗುಟ್ಟಾಗಿಯೇ ಇಟ್ಟುಕೊಳ್ಳಬಹುದು. ಆ್ಯಪಲ್ ಕೂಡ ತನ್ನ ವ್ಯವಸ್ಥೆಯ ತಿರುಳಾದ ಡಾರ್ವಿನ್‌ನ ಸಂಕೇತವನ್ನು ಪ್ರಕಟಿಸುತ್ತದೆ, ಉಳಿದದ್ದು ಮುಚ್ಚಿದೆ.

ಎರಡನೆಯದು ಒಡೆತನದ ಪ್ರಶ್ನೆ. ಆ್ಯಪ್‌ಗಳ ಪಟ್ಟಿಯಲ್ಲಿ ‘ಗೂಗಲ್ ಪ್ಲೇ ಸರ್ವಿಸಸ್’ ಹುಡುಕಿ ನೋಡಿ. ಅದೂ ಪ್ಲೇ ಸ್ಟೋರೂ ಗೂಗಲ್‌ನ ಸ್ವಂತ ಆಸ್ತಿ, ಅವುಗಳ ಸಂಕೇತ ಯಾರಿಗೂ ಲಭ್ಯವಿಲ್ಲ; ಅವಿಲ್ಲದೆ ಎಷ್ಟೋ ಆ್ಯಪ್‌ಗಳು ಸರಿಯಾಗಿ ನಡೆಯುವುದೇ ಇಲ್ಲ. ಇವನ್ನು ಫೋನ್ ತಯಾರಕರಿಗೆ ಕೊಡುವಾಗ ಹಾಕಿದ ಷರತ್ತುಗಳಿಗಾಗಿಯೇ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು.

ಮೂರನೆಯದು ಬೀಗ, ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಇದೇ. ಫೋನ್ ಶುರುವಾಗುವಾಗ ವ್ಯವಸ್ಥೆಯನ್ನು ಚಾಲೂ ಮಾಡುವ ‘ಬೂಟ್‌ಲೋಡರ್’ಗೆ ಕಂಪನಿ ಬೀಗ ಹಾಕಿರುತ್ತದೆ; ಅದು ತೆರೆಯದೆ ಬೇರೆ ವ್ಯವಸ್ಥೆ ಹಾಕಲಾಗದು. ಆಂಡ್ರಾಯ್ಡ್ ಫೋನಿನಲ್ಲಿ ‘ಬಿಲ್ಡ್ ನಂಬರ್’ ಮೇಲೆ 7 ಬಾರಿ ಒತ್ತಿದರೆ ‘ಡೆವಲಪರ್ ಆಪ್ಷನ್ಸ್’ ತೆರೆದುಕೊಳ್ಳುತ್ತದೆ. ಅದರಲ್ಲಿ ಈ ಬೀಗ ತೆರೆಯಲು ಅನುಮತಿ ಕೊಡುವ ‘ಒಇಎಂ ಅನ್‌ಲಾಕಿಂಗ್’ ಇದೆಯೇ, ಅದನ್ನು ಒತ್ತಲು ಬರುತ್ತದೆಯೇ ಎಂದು ನೋಡಿ. ಕೆಲವು ಫೋನುಗಳಲ್ಲಿ ಆ ಸಾಲೇ ಇರುವುದಿಲ್ಲ. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಮೇಲೂ ಆಂಡ್ರಾಯ್ಡ್‌ನ ಮುಕ್ತ ಸಂಕೇತದಿಂದ ಸ್ವಯಂಸೇವಕರು ರೂಪಿಸುವ ಲಿನೇಜ್ ಓಎಸ್‌ನಂತಹ ವ್ಯವಸ್ಥೆಯನ್ನು ಹಾಕಿಕೊಂಡು ಫೋನಿನ ಆಯುಷ್ಯ ಹೆಚ್ಚಿಸಬೇಕಾದರೆ, ಆ ಮಾದರಿಗೆ ಲಿನೇಜ್ ಲಭ್ಯವಿರುವುದರ ಜೊತೆಗೆ ಈ ಬೀಗವೂ ತೆರೆಯಬೇಕು. ಆದರೆ ಕುತೂಹಲಕ್ಕೆಂದು ಬೂಟ್‌ಲೋಡರ್ ತೆರೆಯಲು ಹೋಗಬೇಡಿ: ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಮೇಲೆ ಬ್ಯಾಂಕಿನ ಆ್ಯಪ್‌ಗಳೂ ಮುನಿಸಿಕೊಳ್ಳಬಹುದು. ಐಫೋನಿನಲ್ಲಿ ಇಂಥ ಸೌಲಭ್ಯವೇ ಇಲ್ಲ. ಆ್ಯಪ್ ಸ್ಟೋರ್‌ಗೆ ಬದಲಿ ಅಂಗಡಿಗಳನ್ನು ಆ್ಯಪಲ್ 2024ರ ಮಾರ್ಚ್‌ನಲ್ಲಿ ಒಪ್ಪಿಕೊಂಡದ್ದೂ ಯುರೋಪಿನ ಕಾನೂನಿಗೆ ಮಣಿದು, ಅಲ್ಲಿನ ಬಳಕೆದಾರರಿಗಾಗಿ.

ಹಾಗೆಂದು ಮುಚ್ಚಿದ್ದೆಲ್ಲ ಕೆಟ್ಟದ್ದು ಎನ್ನಲಾಗದು. 2015ರ ಐಫೋನ್ 6ಎಸ್‌ಗೆ 2021ರ ಐಓಎಸ್ 15 ಕೂಡ ಬಂತು. ಆ ಕಾಲದ ಎಷ್ಟು ಆಂಡ್ರಾಯ್ಡ್ ಫೋನುಗಳಿಗೆ ಈ ಭಾಗ್ಯವಿತ್ತು? ಇನ್ನೊಂದೆಡೆ, ಹೊರಗಿನ ಆ್ಯಪ್ ಹಾಕಿಕೊಳ್ಳುವ ಸ್ವಾತಂತ್ರ್ಯವೇ ವಾಟ್ಸ್‌ಆ್ಯಪ್‌ನಲ್ಲಿ ಬರುವ ನಕಲಿ ಟ್ರಾಫಿಕ್ ದಂಡದ ಚಲನ್‌ನ ಎಪಿಕೆ ಫೈಲಿಗೂ (ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲು) ಬಾಗಿಲು ತೆರೆಯುತ್ತದೆ. ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಅನುಮತಿಯನ್ನು ವಾಟ್ಸ್‌ಆ್ಯಪ್‌ಗೆ ಕೊಟ್ಟಿದ್ದರೆ ಇವತ್ತೇ ತೆಗೆದುಬಿಡಿ.

ಕುಮಟಾದಲ್ಲೋ ಹೊನ್ನಾವರದಲ್ಲೋ ಸೆಕೆಂಡ್ ಹ್ಯಾಂಡ್ ಆಂಡ್ರಾಯ್ಡ್ ಫೋನ್ ಕೊಳ್ಳುವವರು ಕ್ಯಾಮೆರಾ ನೋಡುವುದಕ್ಕಿಂತ ಮೊದಲು, ಅಂಗಡಿಯಲ್ಲೇ ನಿಂತು ‘ಸೆಕ್ಯುರಿಟಿ ಅಪ್‌ಡೇಟ್’ನ ದಿನಾಂಕವನ್ನೂ ಒಇಎಂ ಸಾಲನ್ನೂ ತೋರಿಸಿ ಎಂದು ಕೇಳಬೇಕು.