ಉತ್ತರದ ಪಕ್ಕದಲ್ಲಿ ಒಂದು ಅಕ್ಷರ

ಗಣಿತ ಪಾಠ ಮಾಡಲು ಶುರು ಮಾಡಿದ ಹೊಸತರಲ್ಲಿ ‘ಇದು ತುಂಬಾ ಸುಲಭ, ನೋಡಿ’ ಎಂಬುದು ನನ್ನ ಬಾಯಿಪಾಠ. ಮಕ್ಕಳಿಗೆ ಧೈರ್ಯ ಬರಲಿ ಅಂತಲೇ ಹೇಳುತ್ತಿದ್ದೆ. ಒಂದು ದಿನ ಏಳನೇ ತರಗತಿಯ ಹುಡುಗಿಯೊಬ್ಬಳು, ‘ಸರ್, ನೀವು ಸುಲಭ ಅಂದಿದ್ದೇ ನನಗೆ ಬರ್ತಿಲ್ಲ. ಇನ್ನು ಕಷ್ಟದ್ದು ಹೇಗೆ ಬರುತ್ತೆ?’ ಅಂದಳು. ಎದುರು ಮಾತಲ್ಲ ಅದು, ನಿಜವಾದ ಪ್ರಶ್ನೆ. ಸುಲಭದ ಲೆಕ್ಕ ಮಾಡಿದರೆ ಹೆಚ್ಚುಗಾರಿಕೆಯಿಲ್ಲ, ಮಾಡದಿದ್ದರೆ ಅವಮಾನ. ಅವತ್ತಿನಿಂದ ಆ ಮಾತು ಬಿಟ್ಟೆ. ‘ನಿನ್ನ ಕೈಲಿ ಆಗುತ್ತೆ’ ಎಂಬ ಹುರಿದುಂಬಿಸುವಿಕೆಯೂ ಅಷ್ಟೇ, ಮುಂದಿನ ಲೆಕ್ಕ ತಪ್ಪುವವರೆಗೆ ಅದರ ಆಯಸ್ಸು.

ಮಕ್ಕಳ ಮನಸ್ಸಲ್ಲಿ ಏನಿದೆ ಎಂದು ತಿಳಿಯಲು ಮೊದಲು ಪ್ರಶ್ನಾವಳಿ ಕೊಟ್ಟು ನೋಡಿದೆ. ಅಮೆರಿಕದ ಸಂಶೋಧಕಿಯರಾದ ಫೆನೆಮಾ ಮತ್ತು ಶರ್ಮನ್ 1976ರಲ್ಲಿ ಇಂಥದ್ದೊಂದನ್ನು ರೂಪಿಸಿದ್ದರು. ಅದರಲ್ಲಿ ಆತ್ಮವಿಶ್ವಾಸ, ಆತಂಕ, ಗಣಿತದ ಉಪಯೋಗದ ಬಗೆಗಿನ ಅಭಿಪ್ರಾಯ ಎಲ್ಲಕ್ಕೂ ಬೇರೆಬೇರೆ ಭಾಗಗಳಿವೆ. ಅದೇ ಜಾಡಿನಲ್ಲಿ ಹತ್ತು ವಾಕ್ಯ ಬರೆದು ಹಂಚಿದೆ. ನನಗೆ ಯಾವ ಉತ್ತರ ಇಷ್ಟವೋ ಅದಕ್ಕೇ ಎಲ್ಲರೂ ಟಿಕ್ ಹಾಕಿ ಕೊಟ್ಟರು. ಎದುರಿಗೆ ನಿಂತ ಮೇಷ್ಟ್ರಿಗೆ ‘ಗಣಿತ ಕಂಡರೆ ಭಯ’ ಎಂದು ಬರೆದುಕೊಡುವ ಮಗು ಎಲ್ಲಿದೆ?

ಆಮೇಲೆ ಹೊಳೆದದ್ದು ಅಕ್ಷರದ ಉಪಾಯ. ಪ್ರತಿ ಉತ್ತರದ ಪಕ್ಕ ಒಂದಕ್ಷರ ಬರೆಯಬೇಕು: ಖಚಿತವಾಗಿದ್ದರೆ ‘ಖ’, ಅನುಮಾನವಿದ್ದರೆ ‘ಅ’, ಊಹಿಸಿದ್ದಾದರೆ ‘ಊ’. ಮೊದಲ ವಾರ ತರಗತಿ ಪೂರ್ತಿ ‘ಅ’. ತಪ್ಪಾದರೆ ಬಚಾವಾಗಲು ಅದೇ ಸುರಕ್ಷಿತ ಜಾಗ ತಾನೆ. ಆ ಪುಟಗಳಿಗೆ ಅಂಕವೇ ಇಲ್ಲ ಎಂದು ಹೇಳಿದೆ, ಹೇಳಿದಂತೆ ನಡೆದುಕೊಂಡೆ. ಮೂರನೇ ವಾರದ ಹೊತ್ತಿಗೆ ಅಕ್ಷರಗಳು ಬೇರೆಬೇರೆಯಾಗತೊಡಗಿದವು.

ಆಗ ಕಂಡದ್ದು ಎರಡು ತುದಿ. ಆ ಹುಡುಗಿಯ ಹತ್ತು ಲೆಕ್ಕಗಳಲ್ಲಿ ಒಂಬತ್ತು ಸರಿ, ಪಕ್ಕದಲ್ಲಿ ಒಂದೂ ‘ಖ’ ಇಲ್ಲ. ಬರೀ ಅಂಕ ನೋಡುತ್ತಿದ್ದ ನನಗೆ ಇವಳು ಯಾವತ್ತೂ ಚಿಂತೆಯ ವಿಷಯ ಆಗಿರಲೇ ಇಲ್ಲ. ಇನ್ನೊಬ್ಬ ಹುಡುಗ ½ + ⅓ = 2/5 ಎಂದು ಬರೆದು ದಪ್ಪಗೆ ‘ಖ’ ಹಾಕಿದ್ದ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ್ದ.

ಲ.ಸಾ.ಅ. ಪಾಠವನ್ನು ಮತ್ತೆ ಒಪ್ಪಿಸಲು ಹೋಗಲಿಲ್ಲ. ಸಂಖ್ಯಾರೇಖೆ ಎಳೆದು ಅರ್ಧ ಎಲ್ಲಿ, 2/5 ಎಲ್ಲಿ ಗುರುತಿಸು ಅಂದೆ. ಐದು ಭಾಗ ಮಾಡಿದ, ಎರಡು ಎಣಿಸಿದ, ಸೀಮೆಸುಣ್ಣ ಅಲ್ಲೇ ನಿಂತಿತು. ‘ಸರ್, ಇದು ಅರ್ಧಕ್ಕಿಂತ ಹಿಂದಿದೆ. ಕೂಡಿದ ಮೇಲೆ ಕಮ್ಮಿ ಹೇಗಾಯ್ತು?’ ನಾನು ಬಾಯಿ ಬಿಡಲಿಲ್ಲ. ಸುಮ್ಮನಿರುವುದು ಎಷ್ಟು ಕಷ್ಟ ಎಂದು ಮೇಷ್ಟ್ರುಗಳಿಗಷ್ಟೇ ಗೊತ್ತು.

ಇದರಿಂದ ಒಂದು ಯಡವಟ್ಟೂ ಆಯಿತು. ಅವತ್ತಿನಿಂದ ಅವನು ಎಲ್ಲದಕ್ಕೂ ‘ಅ’ ಹಾಕತೊಡಗಿದ. ಇದ್ದ ಧೈರ್ಯವನ್ನೂ ಕಿತ್ತುಕೊಂಡೆನೇನೋ ಎಂದು ಕೆಲವು ದಿನ ಕೊರೆಯಿತು. ಹಾಗಾಗಿ ನಿಯಮ ಸ್ವಲ್ಪ ಬದಲಿಸಿದೆ: ಲೆಕ್ಕಕ್ಕೆ ಕೈ ಹಾಕುವ ಮೊದಲು ಉತ್ತರ ಸುಮಾರು ಎಷ್ಟಿರಬಹುದು ಎಂದು ಅಂಚಿನಲ್ಲಿ ಬರೆಯಬೇಕು, ಲೆಕ್ಕ ಮುಗಿದ ಮೇಲೆ ಎರಡನ್ನೂ ಹೋಲಿಸಿ ಅಕ್ಷರ ಹಾಕಬೇಕು. ಹುಡುಗಿಗೆ ಇದರಿಂದ ಬೇಗ ಗುಣ ಕಂಡಿತು. ‘ಖ’ ಹಾಕಲು ಅವಳಿಗೆ ನನ್ನ ಅಪ್ಪಣೆ ಬೇಕಿರಲಿಲ್ಲ, ಕಾರಣ ಬೇಕಿತ್ತು.

ಗಡಿಯಾರ ಹಿಡಿದು ನಡೆಸುತ್ತಿದ್ದ ವೇಗದ ಪರೀಕ್ಷೆಗಳನ್ನೂ ನಿಲ್ಲಿಸಿದೆ. ಗಣಿತದ ಆತಂಕ ಇರುವವರು ದಶಕ ಸಹಿತ ಕೂಡುವ ಲೆಕ್ಕಗಳಲ್ಲಿ ಹೆಚ್ಚು ಎಡವುತ್ತಾರೆ ಎಂದು ಮನೋವಿಜ್ಞಾನದ ಸಂಶೋಧಕರಾದ ಆಶ್‌ಕ್ರಾಫ್ಟ್ ಮತ್ತು ಕಿರ್ಕ್ 2001ರಲ್ಲೇ ತೋರಿಸಿದ್ದಾರೆ: ದಶಕವನ್ನು ನೆನಪಲ್ಲಿ ಹಿಡಿದಿಡಬೇಕಾದ ಜಾಗವನ್ನು ಚಿಂತೆ ಆಕ್ರಮಿಸಿರುತ್ತದೆ. ಚುರುಕು ಮಕ್ಕಳು ಇದಕ್ಕೆ ಗೊಣಗಿದರು. ಗೊಣಗಲಿ ಬಿಡಿ.

ಅಂದಾಜಿಗೆ ನಾನು ಕೊಡುವ ನೆಚ್ಚಿನ ಲೆಕ್ಕ 12/13 + 7/8. ಅಮೆರಿಕದ 1978ರ ರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ ಇದರ ಉತ್ತರ 1, 2, 19, 21ರಲ್ಲಿ ಯಾವುದಕ್ಕೆ ಹತ್ತಿರ ಎಂದು ಕೇಳಿದ್ದರು. 13 ವರ್ಷದ ಮಕ್ಕಳಲ್ಲಿ 2 ಎಂದವರು ಶೇ. 24 ಮಾತ್ರ, 19 ಅಥವಾ 21 ಎಂದವರೇ ಅರ್ಧಕ್ಕಿಂತ ಹೆಚ್ಚು. ನಮ್ಮ ಹುಡುಗ ಅಂಚಿನಲ್ಲಿ ‘ಎರಡೂ ಒಂದಕ್ಕೆ ಹತ್ರ ಹತ್ರ, ಕೂಡಿದ್ರೆ ಎರಡಕ್ಕೆ ಸ್ವಲ್ಪ ಕಮ್ಮಿ’ ಎಂದು ಬರೆದ. ಆಮೇಲೆ ಲೆಕ್ಕ ಮಾಡಿ 177/104 ಎಂದು ಬರೆದು, ಕೊಂಚ ಯೋಚಿಸಿ, ಬಹಳ ದಿನಗಳ ನಂತರ ಒಂದು ‘ಖ’ ಹಾಕಿದ.

ಸರಿಯುತ್ತರ 187/104. ‘ಖ’ ತಂಟೆಗೆ ಹೋಗಲಿಲ್ಲ, 13×7 ಮಾತ್ರ ಇನ್ನೊಮ್ಮೆ ಮಾಡಿಸಿದೆ.