ಬಿಸಿ ಎಂಜಿನ್‌ಗೆ ಗಡಿಯಾರ ಕಟ್ಟಿದ್ದು: ನನ್ನ ಅನುಭವ

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಸಾಂಬ್ರಾದ, ಅಂದರೆ ಬೆಳಗಾವಿ ವಿಮಾನ ನಿಲ್ದಾಣದ, ಏಪ್ರನ್‌ನಲ್ಲಿ (ವಿಮಾನ ನಿಲ್ಲಿಸುವ ಅಂಗಳ) ನಿಲ್ಲಿಸಿದ ತರಬೇತಿ ವಿಮಾನ ಸೆಸ್ನಾ 172 ಮತ್ತೆ ಸ್ಟಾರ್ಟ್ ಆಗದೆ ಹಟ ಹಿಡಿಯುವುದು ಇಲ್ಲಿ ಹಾರಿದ ಎಲ್ಲರೂ ಉಂಡ ಕಷ್ಟ. ಬೆಳಿಗ್ಗೆ ಏಳಕ್ಕೆ ಕೀಲಿ ತಿರುಗಿಸಿದ ಕೂಡಲೇ ಎದ್ದ ಎಂಜಿನ್, ಮಧ್ಯಾಹ್ನ ಹನ್ನೆರಡರ ನಂತರ ಬರೀ ಪ್ರೊಪೆಲರ್ ತಿರುಗಿಸಿಕೊಂಡು ಕೂರುತ್ತದೆ. ಈ ಬೇಸಿಗೆಯಲ್ಲಿ ನನ್ನ ವಿದ್ಯಾರ್ಥಿಗಳಿಗೆ ಆ ಗೋಳು ತಪ್ಪಿದೆ. ಹೋದ ವರ್ಷ ನನ್ನ ಪದ್ಧತಿ ಕೇಳಿ ನಕ್ಕಿದ್ದ ಇಬ್ಬರು ತರಬೇತುದಾರರು ಈಗ ತಮ್ಮ ಹುಡುಗರನ್ನು 'ಅವರ ಹತ್ತಿರ ಒಮ್ಮೆ ಕೇಳಿಕೊಂಡು ಬಾ' ಎಂದು ಕಳಿಸುತ್ತಿದ್ದಾರೆ. ಅದಕ್ಕೇ ಬರೆದು ಬಿಡೋಣ ಎನಿಸಿತು.

ಇದು ಇಂಜೆಕ್ಷನ್ (ಸಣ್ಣ ಕೊಳವೆಗಳಲ್ಲಿ ಪ್ರತಿ ಸಿಲಿಂಡರ್‌ಗೂ ಪೆಟ್ರೋಲ್ ಕಳಿಸುವ ವ್ಯವಸ್ಥೆ) ಇರುವ ಲೈಕಮಿಂಗ್ ಐಒ-360-ಎಲ್2ಎ ಎಂಜಿನ್‌ನ ಮಾತು. ಚಿಕ್ಕ ಸೆಸ್ನಾ 152 ಹಾರಿಸುವವರಿಗೆ ಕಾರ್ಬುರೇಟರ್ ಇದೆ, ಅವರು ಪುಣ್ಯವಂತರು.

ಮೊದಲು ದುಡ್ಡಿನ ವಿಷಯ. ಸ್ಟಾರ್ಟ್ ಆಗದ ವಿಮಾನಕ್ಕೆ ಯಾರೂ ಬಿಲ್ ಹಾಕುವುದಿಲ್ಲ, ಹಾಗಾಗಿ ನಷ್ಟವಿಲ್ಲ ಎಂದು ಹಲವರು ತಿಳಿದಿದ್ದಾರೆ. ಗಂಟೆಗೆ ಹದಿನೈದು ಸಾವಿರದ ಆಸುಪಾಸು ಕಟ್ಟುವ ಹುಡುಗನಿಗೆ ಹೊರೆಯಾಗುವುದು ಹಾರಾಟಕ್ಕಿಂತ ಹೆಚ್ಚಾಗಿ ಕಾಯುವಿಕೆ. ಟವರ್ ಸ್ಟಾರ್ಟ್‌ಗೆ ಅನುಮತಿ ಕೊಟ್ಟಿರುತ್ತದೆ, ಎಂಜಿನ್ ಏಳುವುದಿಲ್ಲ. ಅಷ್ಟರಲ್ಲಿ ಪ್ರಯಾಣಿಕರ ವಿಮಾನ ಬರುವ ಹೊತ್ತಾಗುತ್ತದೆ, ಸರದಿ ಹೋಗುತ್ತದೆ. ಸಂಜೆ ಮಳೆ ಮೋಡ ಕಟ್ಟಿದರೆ ಆ ದಿನವೇ ಹೋಯಿತು. ಕೋಣೆ ಬಾಡಿಗೆ, ಮೆಸ್ಸಿನ ಖರ್ಚು ಮಾತ್ರ ನಿಲ್ಲುವುದಿಲ್ಲ. ವಾಣಿಜ್ಯ ಪೈಲಟ್ ಲೈಸೆನ್ಸ್‌ಗೆ ಬೇಕಾದ 200 ಗಂಟೆ ಹಾರಾಟ ಮುಗಿಸಲು ಒಂದು ವರ್ಷದ ಲೆಕ್ಕ ಹಾಕಿ ಬಂದವರು ಎರಡನೆಯ ವರ್ಷದ ಗಣೇಶ ಚತುರ್ಥಿಯನ್ನೂ ಬೆಳಗಾವಿಯಲ್ಲೇ ಮಾಡಿದ್ದನ್ನು ನೋಡಿದ್ದೇನೆ. ಸಂಸ್ಥೆಯ ಕಡೆಯಿಂದ ನೋಡಿದರೆ, ಒಂದು ಸ್ಟಾರ್ಟರ್ ಸುಟ್ಟರೆ ಲಕ್ಷದ ಸುತ್ತಮುತ್ತ. ಬಿಡಿಭಾಗ ಬರುವವರೆಗೆ ವಿಮಾನ ಹ್ಯಾಂಗರ್‌ನಲ್ಲಿ.

'ಎಂಜಿನ್ ಬೆಚ್ಚಗಿದ್ದರೆ ಪ್ರೈಮಿಂಗ್ ಬೇಡ' ಎಂದು ವಿಮಾನದ ಹ್ಯಾಂಡ್‌ಬುಕ್ ಹೇಳುತ್ತದೆ. ಪ್ರೈಮಿಂಗ್ ಎಂದರೆ ಸ್ಟಾರ್ಟ್‌ಗೆ ಮುಂಚೆ ಎಂಜಿನ್‌ಗೆ ಸ್ವಲ್ಪ ಪೆಟ್ರೋಲ್ ಕಳಿಸುವುದು. ಸರಿಯೇ. ನಾವೂ ವರ್ಷಗಟ್ಟಲೆ ಹಾಗೆಯೇ ಮಾಡಿದೆವು. ಕೆಲವೊಮ್ಮೆ ಒಂದೇ ಸಲಕ್ಕೆ ಎದ್ದಿತು, ಕೆಲವೊಮ್ಮೆ ಹತ್ತು ಸೆಕೆಂಡ್ ತಿರುಗಿಸಿದರೂ ಕೆಮ್ಮಲೂ ಇಲ್ಲ. ಆಗ ಹೆದರಿದ ಹುಡುಗ ಪಂಪ್ ಹಾಕಿ ಪ್ರೈಮ್ ಮಾಡುತ್ತಾನೆ, ಇನ್ನಷ್ಟು ಮಾಡುತ್ತಾನೆ. ಕೊನೆಗೆ ಕೌಲಿಂಗ್‌ನ (ಎಂಜಿನ್ ಮುಚ್ಚುವ ತಗಡು) ಕೆಳಗೆ ಪೆಟ್ರೋಲ್ ತೊಟ್ಟಿಕ್ಕಿ ಕಾಂಕ್ರೀಟಿನ ಮೇಲೆ ನೀಲಿ ಕಲೆ. ಸ್ಟಾರ್ಟರ್‌ಗೆ ಹತ್ತು ಸೆಕೆಂಡ್ ಕೆಲಸ, ಇಪ್ಪತ್ತು ಸೆಕೆಂಡ್ ವಿಶ್ರಾಂತಿ, ಹೀಗೆ ಮೂರು ಸುತ್ತು, ಆಮೇಲೆ ಹತ್ತು ನಿಮಿಷ ಮುಟ್ಟಬಾರದು. ಮೂರನೆಯ ಸುತ್ತಿಗೆ ಬ್ಯಾಟರಿಯ ದನಿಯೇ ಇಳಿದಿರುತ್ತದೆ.

ನನಗೆ ದಾರಿ ಸಿಕ್ಕಿದ್ದು ಒಂದು ಹಳೆಯ ಡೈರಿಯಿಂದ. ಎಂಜಿನ್ ನಿಲ್ಲಿಸಿದ ಹೊತ್ತು, ಮತ್ತೆ ಕೀಲಿ ತಿರುಗಿಸಿದ ಹೊತ್ತು, ಎದ್ದಿತೋ ಇಲ್ಲವೋ, ಇಷ್ಟನ್ನೇ ಒಂದು ಬೇಸಿಗೆ ಪೂರ್ತಿ ಬರೆದೆ. ಓದಿ ನೋಡಿದರೆ 'ಬಿಸಿ ಎಂಜಿನ್' ಎಂದು ನಾವು ಒಂದೇ ಹೆಸರಿನಿಂದ ಕರೆಯುತ್ತಿದ್ದ ಸ್ಥಿತಿಯಲ್ಲಿ ಎರಡು ತದ್ವಿರುದ್ಧ ಕಾಯಿಲೆಗಳಿದ್ದವು. ನಿಲ್ಲಿಸಿದ ಮೊದಲ ಕೆಲವು ನಿಮಿಷ ಸಿಲಿಂಡರ್‌ಗಳ ಮೇಲಿನ ಸಣ್ಣ ಕೊಳವೆಗಳಲ್ಲಿ ಉಳಿದ ಪೆಟ್ರೋಲ್ ಕುದಿದು ತಾನಾಗಿಯೇ ಒಳಗೆ ಇಳಿಯುತ್ತದೆ. ಅಂದರೆ ಪೆಟ್ರೋಲ್ ಹೆಚ್ಚು. ಹದಿನೈದು ನಿಮಿಷ ದಾಟಿ ಮುಕ್ಕಾಲು ಗಂಟೆಯವರೆಗೆ ಅದೇ ಕೊಳವೆಗಳಲ್ಲಿ ಬರೀ ಆವಿ. ಪೆಟ್ರೋಲ್ ಇಲ್ಲವೇ ಇಲ್ಲ. ಎರಡಕ್ಕೂ ಒಂದೇ ಮದ್ದು ಕೊಟ್ಟರೆ ಹೇಗೆ ಗುಣವಾದೀತು?

ಹಾಗಾಗಿ ಈಗ ನನ್ನ ನಿಯಮ: ಮಿಕ್ಸ್ಚರ್ (ಎಂಜಿನ್‌ಗೆ ಹೋಗುವ ಪೆಟ್ರೋಲ್ ಹೆಚ್ಚುಕಡಿಮೆ ಮಾಡುವ ಗುಂಡಿ) ಎಳೆದು ಎಂಜಿನ್ ನಿಲ್ಲಿಸಿದ ಕೂಡಲೇ ಪ್ಯಾನೆಲ್‌ನ ಅಂಚಿಗೆ ಅಂಟಿಸಿದ ಬಿಳಿ ಟೇಪಿನ ಮೇಲೆ ಪೆನ್ಸಿಲ್‌ನಲ್ಲಿ ಸಮಯ ಬರೆಯಬೇಕು. ಮರಳಿ ಬಂದವರು ಗಡಿಯಾರ ನೋಡದೆ ಕೀಲಿ ಮುಟ್ಟುವಂತಿಲ್ಲ. ಹತ್ತು ನಿಮಿಷದೊಳಗಾದರೆ ಹ್ಯಾಂಡ್‌ಬುಕ್ ಹೇಳಿದಂತೆ: ಪ್ರೈಮ್ ಇಲ್ಲ, ಮಿಕ್ಸ್ಚರ್ ಕಟ್ಆಫ್‌ನಲ್ಲಿ (ಪೆಟ್ರೋಲ್ ಪೂರ್ತಿ ಬಂದ್), ತಿರುಗಿಸುವುದು. ಆವಿಯ ಹೊತ್ತಾದರೆ ಮೊದಲು ಪಂಪ್ ಹಾಕಿ, ಮಿಕ್ಸ್ಚರ್ ಒಳಗೆ ತಳ್ಳಿ, ತಣ್ಣನೆಯ ಪೆಟ್ರೋಲಿನಿಂದ ಆವಿಯನ್ನು ಹೊರದೂಡಬೇಕು. ನಂತರ ಪಂಪ್ ಬಂದ್, ಮಿಕ್ಸ್ಚರ್ ಕಟ್ಆಫ್, ಥ್ರಾಟಲ್ (ಎಂಜಿನ್‌ನ ವೇಗ ಏರಿಸಿ ಇಳಿಸುವ ಗುಂಡಿ) ಅರ್ಧದಷ್ಟು ತೆರೆದು, ಪೆಟ್ರೋಲ್ ತುಂಬಿಹೋದ ಎಂಜಿನ್ ಎಂದೇ ಭಾವಿಸಿ ಸ್ಟಾರ್ಟ್ ಮಾಡಬೇಕು. ಹಿಡಿದ ಕ್ಷಣ ಎಂಜಿನ್ ಅಬ್ಬರಿಸುತ್ತದೆ; ಒಂದು ಕೈ ಥ್ರಾಟಲ್ ಎಳೆಯಲು, ಇನ್ನೊಂದು ಮಿಕ್ಸ್ಚರ್ ತಳ್ಳಲು, ಕಾಲು ಬ್ರೇಕಿನ ಮೇಲೆ, ಹಿಂದೆ ಯಾರೂ ಇರಬಾರದು. ಪಂಪ್ ಎಷ್ಟು ಸೆಕೆಂಡ್ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಫ್ಯುಯೆಲ್ ಫ್ಲೋ (ಪೆಟ್ರೋಲ್ ಹರಿವು ತೋರಿಸುವ) ಮುಳ್ಳನ್ನು ಓದಲು ಬಲ್ಲವರಿಗೆ ಅದು ಬೇಕಾಗಿಲ್ಲ, ಅರಿಯದವರಿಗೆ ನಾನು ಅಂಕಿ ಕೊಟ್ಟರೆ ಅದನ್ನೇ ಉರು ಹೊಡೆಯುತ್ತಾರೆ. ಒಂದು ಗಂಟೆಯ ನಂತರದ ಅರೆಬಿಸಿ ಎಂಜಿನ್‌ಗೂ ಒಂದು ಉಪಾಯವಿದೆ. ಅದನ್ನು ಎದುರು ಕೂತವರಿಗೆ ಮಾತ್ರ ಹೇಳುತ್ತೇನೆ.

ನಮ್ಮ ಎಎಂಇ (ವಿಮಾನ ದುರಸ್ತಿ ನೋಡಿಕೊಳ್ಳುವ ಎಂಜಿನಿಯರ್) ಮೂವತ್ತು ವರ್ಷ ಸ್ಪ್ಯಾನರ್ ಹಿಡಿದವರು. ಮೊದಲ ದಿನವೇ ತಲೆ ಅಲ್ಲಾಡಿಸಿದರು. 'ಕ್ಯಾಪ್ಟನ್ ಸಾಹೇಬರೇ, ಬಿಸಿ ಎಂಜಿನ್‌ಗೆ ಪ್ರೈಮ್ ಮಾಡುವುದು ಜ್ವರ ಬಂದವನಿಗೆ ಮತ್ತೊಂದು ಕಂಬಳಿ ಹೊದಿಸಿದಂತೆ. ನನ್ನ ಸ್ಟಾರ್ಟರ್ ಸುಟ್ಟರೆ ನೀವೇ ಕಟ್ಟಿಕೊಡಬೇಕು' ಎಂದರು. ಕಟ್ಟುತ್ತೇನೆ ಎಂದೆ. ಇದುವರೆಗೆ ಜೇಬಿಗೆ ಕೈ ಹಾಕುವ ಪ್ರಸಂಗ ಬಂದಿಲ್ಲ.

ಸ್ಟಾರ್ಟ್ ಮಾಡುವುದಕ್ಕಿಂತ ಮುಖ್ಯವಾದದ್ದು ನಿಲ್ಲಿಸುವ ರೀತಿ. ಬೇಸಿಗೆಯ ಮಧ್ಯಾಹ್ನ ಇಲ್ಲಿ ಗಾಳಿ ಪಶ್ಚಿಮದಿಂದ. ಮೂಗು ಪೂರ್ವಕ್ಕೆ ಮಾಡಿ ನಿಲ್ಲಿಸಿದರೆ ಕೌಲಿಂಗ್ ಒಳಗಿನ ಬಿಸಿ ಒಳಗೇ ಕೊಳೆಯುತ್ತದೆ. ಟೋಬಾರ್ ಹಾಕಿ ಎಳೆದಾದರೂ ಮೂಗನ್ನು ಗಾಳಿಗೆ ತಿರುಗಿಸುತ್ತೇನೆ. ಜೊತೆಗೆ ಎಣ್ಣೆ ನೋಡುವ ಪುಟ್ಟ ಬಾಗಿಲನ್ನು ತೆರೆದಿಡುತ್ತೇನೆ. ಅಂಗೈ ಹಿಡಿದು ನೋಡಿ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಷ್ಟು ಝಳ ಹೊಡೆಯುತ್ತದೆ. ಆ ಬಾಗಿಲು ಮುಚ್ಚದೆ ಯಾರೂ ಹೊರಡದಂತೆ ಒಂದು ಕೆಂಪು ರಿಬ್ಬನ್ ಯೋಕ್‌ಗೆ (ವಿಮಾನದ ಸ್ಟೀರಿಂಗ್) ಕಟ್ಟಿರುತ್ತೇವೆ. ಬಾಗಿಲು ಮುಚ್ಚಿದವರೇ ಬಿಚ್ಚಬೇಕು.

ನಡುವೆ ಬೇರೆ ಪ್ರಯೋಗಗಳೂ ಆದವು. ಗೋಕಾಕದ ನನ್ನ ಸೋದರಮಾವ ಅಂಬಾಸಡರ್ ಓಡಿಸುತ್ತಿದ್ದ ಕಾಲದಲ್ಲಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಅವರ ಮಾತು ಕೇಳಿ ಒದ್ದೆ ಗೋಣಿಚೀಲವನ್ನು ಕೌಲಿಂಗ್ ಮೇಲೆ ಹೊದಿಸಿದೆವು. ಚೀಲ ಒಣಗಿತು, ಎಂಜಿನ್ ಹಾಗೆಯೇ ಉಳಿಯಿತು. ಬಿಸಿ ಇರುವುದು ಒಳಗೆ, ತಗಡಿನ ಮೇಲಲ್ಲ. ಬ್ಯಾಟರಿ ಫ್ಯಾನ್ ಒಂದನ್ನು ಮುಂದಿನ ಗಾಳಿಕಿಂಡಿಗೆ ಹಿಡಿದದ್ದು ಸ್ವಲ್ಪ ಉಪಕಾರಿಯಾಯಿತು, ಆದರೆ ಅದನ್ನು ಹಿಡಿದು ಬಿಸಿಲಿನಲ್ಲಿ ನಿಲ್ಲಲು ಯಾರೂ ತಯಾರಿರಲಿಲ್ಲ. ಕಾಂಟಿನೆಂಟಲ್ ಎಂಜಿನ್‌ನವರು ಮಿಕ್ಸ್ಚರ್ ಕಟ್ಆಫ್‌ನಲ್ಲಿಟ್ಟು ಪಂಪ್ ಓಡಿಸಿ ಪೆಟ್ರೋಲ್ ಸುತ್ತಾಡಿಸುತ್ತಾರಲ್ಲ, ಅದನ್ನೂ ನೋಡಿದೆವು. ನಮ್ಮದರಲ್ಲಿ ಟ್ಯಾಂಕ್‌ಗೆ ಮರಳುವ ಕೊಳವೆಯೇ ಇಲ್ಲ. ಪಂಪ್ ಗುಂಯ್‌ಗುಟ್ಟಿದ್ದಷ್ಟೇ ಬಂತು.

ಇನ್ನೊಂದು ಮಾತು. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. 35 ಡಿಗ್ರಿ ಬಿಸಿಲಿದ್ದರೆ ಗಾಳಿ ತೆಳುವಾಗಿ ಎಂಜಿನ್‌ಗೆ ಅದು 5,500 ಅಡಿ ಎತ್ತರದಂತೆ. ಅಂಥ ತೆಳು ಗಾಳಿಯಲ್ಲಿ, ಎಂಜಿನ್ ಹಿಡಿದ ಖುಷಿಗೆ ಮಿಕ್ಸ್ಚರನ್ನು ಪೂರ್ತಿ ಒಳಗೆ ಗುದ್ದಿದರೆ ಉಸಿರುಗಟ್ಟಿ ಮತ್ತೆ ನಿಲ್ಲುತ್ತದೆ. ಎರಡು ಬೆರಳು ಹಿಂದೆಯೇ ಬಿಡಬೇಕು. ಟ್ಯಾಕ್ಸಿ ಮಾಡುವಾಗಲೂ (ನೆಲದ ಮೇಲೆ ಓಡಿಸುವಾಗ) ಹಾಗೆಯೇ ಬಿಡಿ, ಟೇಕಾಫ್‌ಗೆ ಮುಂಚೆ ಸರಿಮಾಡಿಕೊಳ್ಳಿ. ನಮ್ಮ ಪೆಟ್ರೋಲ್‌ನಲ್ಲಿ ಸೀಸವಿದೆ. ಎಂಟು ಪ್ಲಗ್‌ಗಳ ತುದಿಗೆ ಅದರ ಉಂಡೆ ಕಟ್ಟುವುದು ಇದರಿಂದ ಎಷ್ಟೋ ಕಡಿಮೆಯಾಗಿದೆ. ಪ್ಲಗ್ ಬಿಚ್ಚಿ ತೊಳೆಯುವ ಹುಡುಗರು ನನಗೆ ಚಹಾ ಕೊಡಿಸುತ್ತಾರೆ.

ನಿಜವಾದ ಪರೀಕ್ಷೆ ನಡೆದದ್ದು ಕಲಬುರಗಿಯಲ್ಲಿ. ಲೈಸೆನ್ಸ್‌ಗೆ ಬೇಕಾದ 300 ನಾಟಿಕಲ್ ಮೈಲಿಯ ಕ್ರಾಸ್‌ಕಂಟ್ರಿ ಎಂಬ ದೂರದ ಹಾರಾಟದಲ್ಲಿ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿಯಲೇಬೇಕು, ಅದೂ ಒಬ್ಬರೇ. ಅಲ್ಲಿ ನಮ್ಮ ಎಎಂಇ ಇಲ್ಲ, ಬ್ಯಾಟರಿ ಗಾಡಿ ಇಲ್ಲ. ಜಮಖಂಡಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಮೇ ತಿಂಗಳಲ್ಲಿ ಹೊರಟಾಗ 'ಆ ಬಿಸಿಲಿಗೆ ನಿಮ್ಮ ಗಡಿಯಾರವೇ ಕರಗುತ್ತದೆ' ಎಂದರು ಎಎಂಇ. ಆಲಮಟ್ಟಿಯ ಹಿನ್ನೀರು ದಾಟಿ ಹೋಗಿ ಇಳಿದಾಗ ಅಲ್ಲಿ 42 ಡಿಗ್ರಿ. ಕಾಗದಪತ್ರ, ನೀರು, ವಿಶ್ರಾಂತಿ ಎಂದು ಅರ್ಧ ಗಂಟೆ ಕಳೆಯಿತು. ಕೆಟ್ಟ ಹೊತ್ತೆಂದರೆ ಅದೇ. ಪಕ್ಕದಲ್ಲಿ ಇನ್ನೊಂದು 172 ಬ್ಯಾಟರಿ ಇಳಿಯುವವರೆಗೆ ತಿರುಗುತ್ತಿತ್ತಂತೆ. ಇವಳು ಟೇಪ್ ನೋಡಿದಳು, ಆವಿ ಹೊರದೂಡಿದಳು, ಪ್ರೊಪೆಲರ್ ನಾಲ್ಕಾರು ಸುತ್ತು ತಿರುಗುವಷ್ಟರಲ್ಲಿ ಎಂಜಿನ್ ಹಿಡಿಯಿತು. ಅವಳು ಮರಳಿ ಬಂದ ಸಂಜೆ ಎಎಂಇ ಏನೂ ಹೇಳಲಿಲ್ಲ. ಮರುದಿನ ಉಳಿದ ವಿಮಾನಗಳ ಪ್ಯಾನೆಲ್‌ಗೂ ಬಿಳಿ ಟೇಪ್ ಅಂಟಿಸಿದ್ದರು.

ಇಷ್ಟೆಲ್ಲ ಮಾಡಿಯೂ ಏಳದ ವಿಮಾನ ಒಂದಿತ್ತು. ಗಡಿಯಾರ, ಪಂಪ್, ಗಾಳಿ ಯಾವುದಕ್ಕೂ ಬಗ್ಗಲಿಲ್ಲ. ಬೆಳಗಿನ ತಂಪಿನಲ್ಲೂ ಅರೆಮನಸ್ಸಿನಿಂದ ಏಳುತ್ತಿತ್ತು. ಬಿಚ್ಚಿದಾಗ ಮ್ಯಾಗ್ನೆಟೋದ (ಪ್ಲಗ್‌ಗಳಿಗೆ ಕಿಡಿ ಕೊಡುವ ಯಂತ್ರ) ಇಂಪಲ್ಸ್ ಕಪ್ಲಿಂಗ್ ಎಂಬ ಭಾಗ ಸವೆದಿತ್ತು, ಕಿಡಿ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ನಿಮ್ಮದೂ ಹಾಗೆ ತಂಪಿನಲ್ಲೂ ಬಿಸಿಯಲ್ಲೂ ಒಂದೇ ರೀತಿ ಸತಾಯಿಸಿದರೆ ಪೆಟ್ರೋಲಿನ ಹಿಂದೆ ಬೀಳಬೇಡಿ, ಮೊದಲು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಎಎಂಇ ಅವರನ್ನು ಕರೆದು ಮ್ಯಾಗ್ನೆಟೋ ತೆರೆಸಿ.